ಕೆಳಮನೆ, ಮೇಲ್ಮನೆ, ನಮ್ಮ ಅಟ್ಟ

ಮಾರ್ಚ್ ೯, ಸೋಮವಾರ

ಅಟ್ಟದ ಏಣಿಗೆ ಕಟ್ಟಿದ ಅರಿಶಿನ ದಾರ ಒಂದು ಮಗ್ಗುಲು ಮಾತ್ರ ಬಿಳಿಚಿಕೊಂಡಿದೆ. ಬೆಳಕಿಂಡಿಯ ಬಿಸಿಲು ಬೀಳುವ ಮಗ್ಗುಲು. ಹಿಂಬದಿ ಇನ್ನೂ ಹಸಿ ಅರಿಶಿನದ ಬಣ್ಣವೇ. ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದೆ. ದೊಡ್ಡಮ್ಮ ಒಲೆಯ ಮುಂದಿನಿಂದ — "ಏಣೀಲಿ ಏನೇ ಐತೆ ಓದೋಕೆ? ರೊಟ್ಟಿ ಹಿಟ್ಟು ಕಲಸು ಬಾ."

ಹೋದ ಹುಣ್ಣಿಮೆಯ ದಿನ ಕಟ್ಟಿದ್ದು. ಕಟ್ಟಿದವಳು ನಾನೇ.

ನಮ್ಮ ಕಡೆ ಹಳೆಯ ಪದ್ಧತಿ ಇದೆ. ಬದುವಿನ ಮೇಲಿನ ತೆಂಗಿನ ಮರಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರೆ ಊರಮ್ಮನ ಹೆಸರಿನಲ್ಲಿ ಮರಕ್ಕೆ ಅರಿಶಿನ ದಾರ ಕಟ್ಟುತ್ತಾರೆ. ವ್ಯಾಜ್ಯ ತೀರುವವರೆಗೆ ಯಾರೂ ಹತ್ತುವಂತಿಲ್ಲ. ಕಾಯಿ ಉದುರಿದರೂ ಮುಟ್ಟುವಂತಿಲ್ಲ. ತೀರಿದ ಮೇಲೆ ಕಟ್ಟಿದ ಕೈಯೇ ಬಿಚ್ಚಬೇಕು. ದೊಡ್ಡಪ್ಪ ಅದನ್ನು ಅಟ್ಟಕ್ಕೆ ತಂದರು. ಹೊರದೇಶದ ಕೊಬ್ಬರಿ ಬಂದಿಳಿದು ಧಾರಣೆ ಬಿದ್ದಿದೆ. ಆಮದು ನಿಲ್ಲಿಸಬೇಕು ಅಂತ ಪಾರ್ಲಿಮೆಂಟಿನಲ್ಲಿ ನಿರ್ಣಯ ಪಾಸಾಗುವವರೆಗೆ ಊರಿನ ಯಾವ ಅಟ್ಟದಿಂದಲೂ ಕೊಬ್ಬರಿ ಇಳಿಸಬಾರದು. ಏಣಿಗೆ ದಾರ. ತೆಂಗು ಬೆಳೆಗಾರರ ಸಂಘದ ಅಧ್ಯಕ್ಷರು ಅವರೇ ಆದ್ದರಿಂದ ಮೊದಲ ದಾರ ನಮ್ಮ ಮನೆಗೆ.

"ಗಂಡಸರ ಕೈಲಿ ಕಟ್ಟಿಸಬ್ಯಾಡಿ, ಸಂತೆ ದಿನ ಬಿಚ್ಚಿಬುಡ್ತಾರೆ" ಅಂದಿದ್ದು ಗುಡಿಯ ಮುಂದೆ ಕೂತಿದ್ದ ಕೆಂಚಯ್ಯ. ಎಲ್ಲರೂ ನಕ್ಕರು. ಹಾಗಾಗಿ ಎಲ್ಲ ಮನೆಗಳಲ್ಲೂ ಹೆಂಗಸರೇ ಕಟ್ಟಿದ್ದು. ದೊಡ್ಡಮ್ಮನ ಕೈಗೆ ವಾತ. ಅದಕ್ಕೆ ನಾನು.

ದೆಹಲಿಯಿಂದ ಕರಡು ವಾಪಸ್ಸು ಬಂದಿದೆ. ನಿರ್ಣಯ ಮಂಡಿಸುವ ಎಂ.ಪಿ. ನಮ್ಮ ಕಡೆಯವರಲ್ಲ, ಕರಾವಳಿಯವರು. ಅಲ್ಲೂ ತೆಂಗು. ಬೆಂಗಳೂರಿನ ಸಮ್ಮೇಳನದಲ್ಲಿ ದೊಡ್ಡಪ್ಪ ಅವರ ಕೈ ಹಿಡಿದು ಒಪ್ಪಿಸಿ ಬಂದರು. ಬರೆಯುವ ಕೆಲಸ ನನಗೆ. ಮೈಸೂರಿನಲ್ಲಿ ಎಂ.ಎ. ಇಂಗ್ಲಿಷ್ ಓದಿಸಿದ್ದಕ್ಕೆ ಮೊದಲ ಬಾರಿ ಉಪಯೋಗ ಸಿಕ್ಕಿತು ಅನ್ನುವ ಖುಷಿ ಅವರಿಗೆ.

ಎಂ.ಪಿ.ಯವರ ಸೆಕ್ರೆಟರಿ ಕೆಂಪು ಪೆನ್ಸಿಲಿನಲ್ಲಿ ಗೀಟೆಳೆದಿದ್ದಾರೆ. ನಾನು ಬರೆದ 'ತಲೆತಲಾಂತರದಿಂದ' ಹೋಯಿತು. 'ನಿರ್ದಯ' ಹೋಯಿತು. ತೋಟಗಳ ವರ್ಣನೆ ಇಡೀ ಪ್ಯಾರಾ ಹೋಯಿತು. ನಿರ್ಣಯದಲ್ಲಿ ವಾದ ಇರಕೂಡದು, ಆರೋಪ ಇರಕೂಡದು, ಖಚಿತವಾದ ಒಂದೇ ವಿಷಯ ಇರಬೇಕು — ನಿಯಮವಂತೆ. ಉಳಿದದ್ದು ಒಂದು ಸಾಲು: ಹೊರದೇಶದ ಕೊಬ್ಬರಿ ಆಮದನ್ನು ಸರ್ಕಾರ ನಿಲ್ಲಿಸಬೇಕೆಂದು ಈ ಸದನವು ಅಭಿಪ್ರಾಯಪಡುತ್ತದೆ.

ಮೊದಲು ಬೇಜಾರಾಯಿತು. ಸಂಜೆ ಮತ್ತೆ ಓದಿದೆ. ಸೆಕ್ರೆಟರಿಯೇ ಸರಿ ಅನ್ನಿಸಿತು.


ಮಾರ್ಚ್ ೧೨

ಪುಟ್ಟಗಂಗಮ್ಮಜ್ಜಿ ಮಜ್ಜಿಗೆಗೆ ಬಂದಿದ್ದಳು. ಹಿತ್ತಲ ಗೋಡೆಯ ಆಚೆಯ ಮನೆ. ಗಂಡ ಇಲ್ಲ, ಮಕ್ಕಳಿಲ್ಲ, ಕೆರೆ ಹಿಂದೆ ಒಂದಿಷ್ಟು ಮರ. ಅವಳ ಅಟ್ಟ ಎಂದರೆ ಅವಳ ವರ್ಷದ ಊಟ, ಅಷ್ಟೇ. ಅದಕ್ಕೂ ದಾರ ಕಟ್ಟಿದ್ದಾಳೆ. ದೊಡ್ಡಪ್ಪನ ಮಾತು ಅಂತ.

"ಎಲ್ಲಿಗ್ ಬಂತವ್ವ ನಮ್ ಕಾಗ್ದ?"

ಕಾಗದ ಹೋಗಿದೆ ಅಜ್ಜಿ, ಆದರೆ ಬಹಳ ಜನ ಎಂ.ಪಿ.ಗಳು ಹೀಗೇ ಒಂದೊಂದು ಕೊಟ್ಟಿರುತ್ತಾರೆ, ಮಂತ್ರಿಗಳಲ್ಲದವರಿಗೆ ಸಿಗುವುದು ಒಂದು ಶುಕ್ರವಾರ ಬಿಟ್ಟು ಒಂದು ಶುಕ್ರವಾರ, ಅದೂ ಮಧ್ಯಾಹ್ನದ ಮೇಲೆ ಎರಡೂವರೆ ಗಂಟೆ, ಅದಕ್ಕೆ ಹೆಸರುಗಳನ್ನು ಚೀಟಿ ಎತ್ತುತ್ತಾರೆ — ಅಂದೆ.

"ಡೆಲ್ಲೀಲೂ ಚೀಟಿ ಎತ್ತಾರಾ?" ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ನಮ್ ರಂಗಮ್ಮನ ಚೀಟಿ ಇದ್ದಂಗೆ ಅನ್ನು. ಎತ್ತಿದ್ ದುಡ್ಡು ಕೈಗ್ ಬರಾಗಂಟ ನಂಬಂಗಿಲ್ಲ."

ದೊಡ್ಡಮ್ಮನೂ ನಕ್ಕರು. ಇವರ ಹತ್ತಿರ ಮಾತಾಡುವಾಗ ನನಗೆ ಗಂಟಲು ಕಟ್ಟುವುದಿಲ್ಲ. ಪಡಸಾಲೆಗೆ ಹೋದರೆ ಕಟ್ಟುತ್ತದೆ.


ಮಾರ್ಚ್ ೧೭, ಮಂಗಳವಾರ

ತಂತಿ. ಚೀಟಿಯಲ್ಲಿ ನಮ್ಮ ಎಂ.ಪಿ. ಹೆಸರು ಎರಡನೆಯದು. ದೊಡ್ಡಪ್ಪ ಊರಿಗೆಲ್ಲ ಪಾನಕ ಹಂಚಿಸಿದರು. ನಾನು ಲೋಟ ತೊಳೆದೆ.

ಎರಡನೆಯದು ಅಂದರೆ ಮೊದಲನೆಯದು ಮುಗಿದ ಮೇಲೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.


ಮಾರ್ಚ್ ೨೯, ಭಾನುವಾರ

ತಿಪಟೂರಿಗೆ ರೈಲಿನಲ್ಲಿ ಬರುವ ಇಂಗ್ಲಿಷ್ ಪೇಪರು ಬಸ್ಸಿನಲ್ಲಿ ನಮ್ಮೂರಿಗೆ ಬರುವಷ್ಟರಲ್ಲಿ ಒಂದು ದಿನ ಹಳೆಯದು. ನಿಂತಲ್ಲೇ ಮಡಿಕೆ ಬಿಚ್ಚಿದೆ.

ಒಳಪುಟದಲ್ಲಿ ನಾಲ್ಕು ಸಾಲು. ಶುಕ್ರವಾರ ಮೊದಲನೆಯವರ ನಿರ್ಣಯವೇ ಹೊತ್ತೆಲ್ಲ ತಿಂದಿತು. ಸದನ ಏಳಲು ಕೆಲವೇ ನಿಮಿಷ ಉಳಿದಾಗ ನಮ್ಮ ಎಂ.ಪಿ. ಎದ್ದು "ಮಂಡಿಸುತ್ತೇನೆ" ಅಂದರಂತೆ. ಮುಂದಿನ ವಾಕ್ಯಕ್ಕೆ ಗಂಟೆ. ಆದರೆ ಅದು ಜಾಣತನವೇ — ಒಮ್ಮೆ ಮಂಡಿಸಿದ್ದು ಅರ್ಧಕ್ಕೆ ನಿಂತರೆ ಮುಂದಿನ ಸರದಿಯಲ್ಲಿ ಅದೇ ಮೊದಲು. ಸೆಕ್ರೆಟರಿ ಕಳಿಸಿದ ನಿಯಮಾವಳಿಯಲ್ಲಿ ಓದಿದ್ದೆ. ಎಷ್ಟು ಒಣ ಪುಸ್ತಕ ಅದು. ಆದರೂ ಬಿಡಲು ಮನಸ್ಸಾಗದು. ಯಾರು ಎದ್ದರೆ ಯಾರು ಕೂರಬೇಕು, ಯಾರು ಯಾವಾಗ ಸುಮ್ಮನಿರಬೇಕು, ಸುಮ್ಮನಿದ್ದರೆ ಅದಕ್ಕೆ ಏನು ಅರ್ಥ... ಎಲ್ಲಕ್ಕೂ ಒಂದೊಂದು ಸಂಖ್ಯೆ.

ಜಗಲಿಯಲ್ಲಿ ತಿಪಟೂರಿನ ಮಂಡಿಯ ಬಸವರಾಜಪ್ಪ ಬಂದು ಕೂತಿದ್ದರು. ನಮ್ಮೂರ ಕೊಬ್ಬರಿ ಕೊಳ್ಳುವವರು ಅವರೇ. ಕೈಯಲ್ಲಿ ಎಲೆಅಡಿಕೆ, ಮುಖದಲ್ಲಿ ನಗು.

"ಏನ್ ಶಂಭಣ್ಣ, ನಿಮ್ ಪಾರ್ಲಿಮೆಂಟು ಹೆಂಗೈತೆ?"

"ನಡೀತೈತೆ. ಮಂಡಿಸಿಯಾಯ್ತು" ಅಂದರು ದೊಡ್ಡಪ್ಪ.

"ಮಂಡಿಸೋದು ನಂಗೂ ಬತ್ತದೆ ಕಣಪ್ಪ. ದಿನಾ ಮನೇಲಿ ಮಂಡಿಸ್ತೀನಿ, ನಮ್ಮೋಳು ಪಾಸ್ ಮಾಡಬೇಕಲ್ಲ." ಎದ್ದು ಚಪ್ಪಲಿ ಮೆಟ್ಟಿ, ಹಿಂದಿರುಗಿ — "ತಮಾಷೆಗಲ್ಲ, ಹೇಳ್ತೀನಿ. ನಿಮ್ಮೂರ ಕಾಯಿ ಹೋದ ವರ್ಷ ಮುಂಗಾರಿಗೆ ಮುಂಚೆ ಅಟ್ಟ ಸೇರಿದ್ದು. ಒಣಗಿ ಒಳಗೆ ಉಂಡೆ ಅಲ್ಲಾಡ್ತಾ ಐತೆ. ಮಳೆ ತಣ್ಪು ಹೊಡದ್ರೆ ಬೂಷ್ಟು. ಬೂಷ್ಟು ಹಿಡಿದ ಕೊಬ್ಬರಿ ನಂಗೂ ಬ್ಯಾಡ, ನಿಮ್ ಡೆಲ್ಲಿಗೂ ಬ್ಯಾಡ."

ಆ ಮನುಷ್ಯನ ಮೇಲೆ ನನಗೆ ಪ್ರೀತಿ ಇಲ್ಲ. ಹೇಳಿದ್ದು ಸುಳ್ಳಲ್ಲ.


ಏಪ್ರಿಲ್ ೫, ಯುಗಾದಿ

ಬೇವು ಬೆಲ್ಲ. ದೊಡ್ಡಪ್ಪ ಹೊಸ ಪಂಚೆಯಲ್ಲಿ ಹತ್ತು ವರ್ಷ ಚಿಕ್ಕವರಂತೆ ಕಂಡರು. ಅಪ್ಪ ಇದ್ದಿದ್ದರೆ ಹೀಗೇ ಕಾಣುತ್ತಿದ್ದರಂತೆ. ಅಪ್ಪ ಹೋದಾಗ ನನಗೆ ನಾಲ್ಕು. ಅಲ್ಲಿಂದ ಇಲ್ಲಿವರೆಗೆ ಇವರು ನನಗೆ ಒಂದು ಸಲವೂ ಏರುದನಿಯಲ್ಲಿ ಮಾತಾಡಿದ್ದಿಲ್ಲ. ಹಾಸ್ಟೆಲಿಗೆ ಬಿಟ್ಟು ಬರುವಾಗ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಇದನ್ನು ಬರೆದಿಡಬೇಕು. ಮುಂದೆ ಬೇಕಾಗಬಹುದು.


ಏಪ್ರಿಲ್ ೧೨, ಭಾನುವಾರ, ಮಧ್ಯಾಹ್ನ

ಪೇಪರು ಬಂತು. ಮೂರು ಸಲ ಓದಿದೆ.

ಶುಕ್ರವಾರ ಚರ್ಚೆ ಪೂರ್ತಿ ನಡೆಯಿತು. ಹಲವರು ಬೆಂಬಲಿಸಿ ಮಾತಾಡಿದರು. ಕೊನೆಗೆ ಮಂತ್ರಿಗಳು ಎದ್ದು, ವಿಷಯವನ್ನು ಸರ್ಕಾರ ಸಹಾನುಭೂತಿಯಿಂದ ಪರಿಶೀಲಿಸುತ್ತದೆ, ಆದ್ದರಿಂದ ಮಾನ್ಯ ಸದಸ್ಯರು ಒತ್ತಾಯ ಮಾಡಬಾರದು ಅಂದರು. ನಮ್ಮ ಎಂ.ಪಿ. ಭರವಸೆಗೆ ಕೃತಜ್ಞತೆ ಹೇಳಿದರು. ನಿರ್ಣಯವನ್ನು ಸದನದ ಅನುಮತಿಯಿಂದ ಹಿಂತೆಗೆದುಕೊಳ್ಳಲಾಯಿತು.

ಹಿಂತೆಗೆದುಕೊಳ್ಳಲಾಯಿತು.

ಪಾಸೂ ಆಗಲಿಲ್ಲ. ಬಿದ್ದೂ ಹೋಗಲಿಲ್ಲ. ನಿಯಮಾವಳಿ ತೆಗೆದು ನೋಡಿದೆ. ಹೀಗೇ ಆಗುವುದು ಹೆಚ್ಚಂತೆ. ಮಂಡಿಸಿದವರೇ ಕೇಳಬೇಕು. ಸಭಾಧ್ಯಕ್ಷರು ಅದನ್ನು ಮತಕ್ಕೆ ಹಾಕುವುದಿಲ್ಲ. ಅನುಮತಿ ಇದೆಯೇ ಎಂದು ಸದನವನ್ನು ಸುಮ್ಮನೆ ಕೇಳುತ್ತಾರೆ. ಯಾರೂ ಬೇಡ ಅನ್ನದಿದ್ದರೆ ಅನುಮತಿ ಸಿಕ್ಕಂತೆ. ಹಾಗೆ ಹಿಂತೆಗೆದ ಮೇಲೆ ಅದೇ ಅಧಿವೇಶನದಲ್ಲಿ ಅದೇ ವಿಷಯ ಮತ್ತೆ ತರುವಂತಿಲ್ಲ.

ನಮ್ಮ ಹರಕೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಪಾಸಾಗುವವರೆಗೆ ಅಂತ ಕಟ್ಟಿದ್ದು.

ದೊಡ್ಡಪ್ಪನಿಗೆ ಕನ್ನಡದಲ್ಲಿ ಬರೆದು ಕೊಟ್ಟೆ. ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ. ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಭರವಸೆ ಕೊಟ್ಟವ್ರಲ್ಲ."

"ಪರಿಶೀಲಿಸ್ತೀವಿ ಅಂದಿದಾರೆ ದೊಡ್ಡಪ್ಪ."

"ಮಂತ್ರಿಗಳು ಪರಿಶೀಲಿಸ್ತೀವಿ ಅಂದ್ರೆ ಭರವಸೆ ತಾನೆ ಕಣವ್ವ?"

ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.


ಅದೇ ದಿನ, ಸಂಜೆ

ಗುಡಿಯ ಮುಂದೆ ಸಭೆ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಹೊಂಗೆ ಮರದ ಕೆಳಗೆ. ದೊಡ್ಡಪ್ಪ ನಾನು ಬರೆದುಕೊಟ್ಟ ಕಾಗದ ಜೇಬಿನಲ್ಲೇ ಇಟ್ಟುಕೊಂಡು ಮಾತಾಡಿದರು. ಎರಡೂವರೆ ಗಂಟೆ ಇಡೀ ಲೋಕಸಭೆ ನಮ್ಮ ಕೊಬ್ಬರಿಯ ಮಾತು ಆಡಿತು ಅಂದರು. ಅದು ನಿಜ. ಭರವಸೆ ಸಿಕ್ಕಿದೆ ಅಂದರು.

ಕೆಂಚಯ್ಯ ಎದ್ದು ನಿಂತ. "ಅದೆಲ್ಲ ಸರಿ ಯಜಮಾನ್ರೇ. ಪಾಸಾಯ್ತಾ, ಫೇಲಾಯ್ತಾ? ಅಷ್ಟ್ ಹೇಳಿ, ದಾರ ಬಿಚ್ಚೋದಾ ಬಿಡೋದಾ ನೋಡನ."

"ಕೆಳಮನೇಲಿ ನಮ್ ಕೆಲಸ ಆಗೈತೆ. ಇನ್ನೊಂದು ಮನೆ ಐತಲ್ಲ, ಮೇಲ್ಮನೆ. ಅಲ್ಲೂ ನಮ್ಮ ಕಡೆಯವರೊಬ್ಬರು ಇದೇ ನಿರ್ಣಯ ಕೊಟ್ಟವ್ರೆ. ಅಲ್ಲಿ ಪಾಸಾಗ್ಲಿ. ಎರಡೂ ಮನೆ ಒಪ್ಪಿದ ಮೇಲೆ ಬಿಚ್ಚೋದು. ಮದ್ವೆ ಮಾತಾದ್ರೂ ಎರಡೂ ಮನೆಯೋರು ಒಪ್ಪಬೇಕೋ ಬ್ಯಾಡ್ವೋ?"

ನಗು. ಕೆಂಚಯ್ಯನೂ ನಕ್ಕು ಕೂತ. ಆದರೆ ಕೂರುವ ಮೊದಲು ಹೊಂಗೆ ಮರದ ಕಡೆ ನೋಡಿದ. ಓದಿದವಳು ನಾನು ಅಂತ ಊರಿಗೆಲ್ಲ ಗೊತ್ತು. ಒಬ್ಬೊಬ್ಬರಾಗಿ ತಲೆಗಳು ಈ ಕಡೆ ತಿರುಗಿದವು. ಪಕ್ಕದಲ್ಲಿ ಪುಟ್ಟಗಂಗಮ್ಮಜ್ಜಿ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು — "ಹೌದೇನವ್ವ?"

ಮುಖ ಕಾದು ಹೋಯಿತು. ತಲೆ ತಗ್ಗಿಸಿದೆ. ನಾಚಿಕೆಗೆ ತಗ್ಗಿಸಿದ್ದು. ಅವರು ಹೂಂ ಅಂದೆ ಅಂದುಕೊಂಡರು.


ಏಪ್ರಿಲ್ ೧೪

ನಿದ್ದೆ ಸರಿಯಿಲ್ಲ.

ನನಗೇ ಒಂದು ಸಲ ಸ್ಪಷ್ಟ ಮಾಡಿಕೊಳ್ಳಬೇಕು. ಮಸೂದೆ ಬೇರೆ, ನಿರ್ಣಯ ಬೇರೆ. ಮಸೂದೆ ಒಂದು ಸದನದಲ್ಲಿ ಪಾಸಾಗಿ ಇನ್ನೊಂದಕ್ಕೆ ಹೋಗುತ್ತದೆ, ಅಲ್ಲೂ ಪಾಸಾಗಿ ರಾಷ್ಟ್ರಪತಿಗಳ ಸಹಿಗೆ ಹೋಗುತ್ತದೆ, ಕಾಯಿದೆ ಆಗುತ್ತದೆ. ಕೆಲವು ನಿರ್ಣಯಗಳಿಗೂ ಎರಡು ಸದನ ಬೇಕೇ ಬೇಕು — ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದರೆ ಅದನ್ನು ಒಪ್ಪುವುದು, ಅಂಥವು. ಸಂವಿಧಾನದಲ್ಲೇ ಹಾಗೆ ಬರೆದಿದೆ. ನಮ್ಮಂಥದ್ದು ಬರೀ ಅಭಿಪ್ರಾಯ. ಈ ಸದನವು ಅಭಿಪ್ರಾಯಪಡುತ್ತದೆ... ಆ ಸದನದ್ದು ಆ ಸದನಕ್ಕೆ. ಕೆಳಮನೆಯಿಂದ ಮೇಲ್ಮನೆಗೆ ಹತ್ತುವ ಏಣಿಯೇ ಇಲ್ಲ. ಪಾಸಾದರೂ ಒಂದು ಪ್ರತಿ ಮಂತ್ರಿಗಳಿಗೆ ಹೋಗುತ್ತದೆ. ಅವರು ಮಾಡಿದರೆ ಮಾಡಿದರು.

ಅಂದರೆ ದಾರ ಕಟ್ಟಿದ ದಿನವೇ ಹೇಳಬೇಕಾಗಿತ್ತು ಯಾರಾದರೂ. ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಈಗ ನನಗೊಬ್ಬಳಿಗೇ ಗೊತ್ತಿದೆ.

ಹಾಗಂತ ಅದು ಏನೂ ಅಲ್ಲ ಅನ್ನಲಾರೆ. ತೆಂಗಿನ ತೋಟದ ಮಾತು ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಮಧ್ಯಾಹ್ನ ಕೇಳಿಸಿತು. ನನ್ನ ಒಂದು ಸಾಲನ್ನು ಅಲ್ಲಿ ಯಾರೋ ಎದ್ದು ನಿಂತು ಓದಿದರು. ಅದು ನಿಧಾನಕ್ಕೆ ಏನಾದರೂ ಮಾಡೀತು. ಅಟ್ಟದ ಕೊಬ್ಬರಿಗೆ ಅಷ್ಟು ನಿಧಾನ ಇಲ್ಲ.


ಏಪ್ರಿಲ್ ೨೩, ಗುರುವಾರ

ನಿನ್ನೆ ಸಂಜೆ ಮಳೆ. ಮೊದಲ ಮಳೆ. ಎಲ್ಲರೂ ಅಂಗಳಕ್ಕೆ ಬಂದು ನಿಂತರು, ಆದರೆ ಪ್ರತಿ ವರ್ಷದ ಹಾಗೆ ಯಾರೂ ಮಾತಾಡಲಿಲ್ಲ. ಎಲ್ಲರೂ ತಂತಮ್ಮ ಮಾಳಿಗೆ ನೋಡಿದರು.

ಇವತ್ತು ದೊಡ್ಡಪ್ಪ ತಿಪಟೂರಿಗೆ ಹೋಗಿ ದೆಹಲಿಗೆ ಟ್ರಂಕ್ ಕಾಲ್ ಮಾಡಿ ಬಂದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಆ ಕಡೆಯವರು ಇಂಗ್ಲಿಷಿನಲ್ಲಿ ಮಾತಾಡಿದರೆ ಅಂತ. ಪೋಸ್ಟ್ ಆಫೀಸಿನ ಬೂತಿನಲ್ಲಿ ಇಬ್ಬರೂ ಒತ್ತಿಕೊಂಡು ನಿಂತೆವು. ರಿಸೀವರ್ ನನ್ನ ಕಿವಿಯಲ್ಲಿ.

ಮೇಲ್ಮನೆಯ ಚೀಟಿಯಲ್ಲಿ ನಮ್ಮವರ ಹೆಸರು ಬಂದಿಲ್ಲ. ಈ ಅಧಿವೇಶನದಲ್ಲಿ ಇನ್ನು ಸರದಿಯೂ ಇಲ್ಲ. ಮೇ ಮೊದಲ ವಾರ ಎರಡೂ ಸದನ ಮುಗಿಯುತ್ತವೆ. ಮುಂದಿನದು ಮಳೆಗಾಲದ ಅಧಿವೇಶನ. ಆಗ ಹೊಸದಾಗಿ ನೋಟಿಸು, ಹೊಸದಾಗಿ ಚೀಟಿ.

ರಿಸೀವರ್ ಇಟ್ಟು ಹೇಳಿದೆ. ಬೂತಿನ ಬಾಗಿಲು ಸಿಕ್ಕಿಕೊಂಡಿತ್ತು, ದೊಡ್ಡಪ್ಪ ಭುಜದಿಂದ ತಳ್ಳಿ ತೆಗೆದರು.

ಬಸ್ಸಿನಲ್ಲಿ ಕಿಟಕಿಯ ಕಡೆ ನಾನು. ತೋಟ, ತೋಟ, ತೋಟ. ಮಳೆಗೆ ತೊಳೆದ ಗರಿಗಳು. ಊರು ಹತ್ತಿರ ಬಂದಾಗ ಹೇಳಿದರು —

"ಮುಂದಿನ ಅಧಿವೇಶನದವರೆಗೆ ಅಂತ ಹೇಳಿಬಿಡನ."

"ಅಷ್ಟರಲ್ಲಿ ಮಳೆಗಾಲ ನಡುವಿಗೆ ಬಂದಿರುತ್ತೆ ದೊಡ್ಡಪ್ಪ."

"ಗೊತ್ತು."

"ಬಿಚ್ಚಿ ಅಂತ ಹೇಳಬಾರದಾ?"

ನನ್ನ ಕಡೆ ಬಾಗಿದರು. ಕಂಡಕ್ಟರಿಗೆ ಕೇಳಿಸದ ಹಾಗೆ — "ಒಂದೇ ದಿನ ಎಲ್ಲಾ ಅಟ್ಟ ಇಳಿದ್ರೆ ಬಸವರಾಜಪ್ಪ ಹೇಳಿದ್ದೇ ಧಾರಣೆ. ಅದೊಂದು. ಇನ್ನೊಂದು... ಊರೆಲ್ಲ ಸೇರಿಸಿ ಗುಡಿ ಮುಂದೆ ಆಡಿದ ಮಾತು ಕಣೇ ಮಂಗ್ಳಾ. ನಾನೇ ಬಿಚ್ಚಿ ಅಂದ್ರೆ, ಸೋತೆ ಅಂದಂಗೆ."

ಅಷ್ಟು ದಣಿದ ದನಿ ಅವರದ್ದು ಕೇಳಿರಲಿಲ್ಲ. ದಾರ ಅವರ ಕುತ್ತಿಗೆಗೇ ಕಟ್ಟಿದ ಹಾಗಿತ್ತು.


ಏಪ್ರಿಲ್ ೨೮

ಭರಣಿ ಮಳೆ ಹಿಡಿಯಿತು. ಧರಣಿಗೆಲ್ಲ ಒಳ್ಳೆಯದಂತೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಾಗ ಮೇಲಿನ ಹಲಗೆಗಳ ಸಂದಿಯಿಂದ ವಾಸನೆ. ಒಣ ಕೊಬ್ಬರಿಯ ಸಿಹಿ ವಾಸನೆ ಅಲ್ಲ. ತುಸು ಕಮಟು. ದೊಡ್ಡಮ್ಮ ಮುಖ ಎತ್ತಿ ಮೂಸಿದರು, ನನ್ನನ್ನು ನೋಡಿದರು, ಒಲೆಗೆ ಇನ್ನೊಂದು ಮಟ್ಟೆ ತಳ್ಳಿದರು. ಹೊಗೆ ಹೆಚ್ಚಾದರೆ ತಡೆದೀತು ಅಂತ. ಹತ್ತಿ ನೋಡುವ ಹಾಗೂ ಇಲ್ಲ, ಹರಡಿ ಗಾಳಿಗೆ ಬಿಡುವ ಹಾಗೂ ಇಲ್ಲ.

ಮಧ್ಯಾಹ್ನ ಅಜ್ಜಿಯ ಮನೆಗೆ ಹೋಗಿದ್ದೆ. ಏಣಿಯ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದಳು. ಮಾಡಿನ ಒಂದು ಮೂಲೆ ಸೋರುತ್ತಿದೆ, ಅಟ್ಟದ ನೇರಕ್ಕೆ.

"ದಾರ ಬಿಚ್ಚಿ ಇಳಿಸಿಬಿಡು ಅಜ್ಜಿ" ಅಂದೆ. ಅಂದೇಬಿಟ್ಟೆ.

"ಅಯ್ಯೋ ಬುಡ್ತು ಅನ್ನು. ನಿಮ್ಮನೇದು ಮೊದ್ಲು ಕಟ್ಟಿದ್ದು, ಆಮೇಲೆ ನಮ್ದು. ನಿಮ್ಮನೇದು ಇದ್ದಂಗೇ ನಂದು ಬಿಚ್ಚಿದ್ರೆ ಊರಮ್ಮ ಬುಟ್ರೂ ಊರು ಬುಟ್ಟಾದಾ? ನಾಳೆ ನೀರ್ ಸೇದೋಕೆ ಹೋದ್ರೆ ಮಕ ತಿರುಗುಸ್ತಾರೆ."

"ಬೂಷ್ಟು ಬಂದರೆ?"

"ಬಂದ್ರೆ... ಬಸವರಾಜಪ್ಪ ಹೋದ್ ಸಂತೇಲೆ ಕೇಳ್ದ. ಮರ ಭೋಗ್ಯಕ್ಕೆ ಬರ್ಕೊಡ್ತೀಯೇನಮ್ಮ ಅಂತ." ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ನೀನ್ ಓದಿದೋಳು. ಅವತ್ತು ತಲೆ ಆಡ್ಸಿದ್ಯಲ್ಲ, ಮೇಲ್ಮನೇಲಿ ಆಯ್ತದೆ ಅಂತ. ಅದ್ಕೇ ಕೂತಿವ್ನಿ."

ವಾಪಸ್ಸು ಬಂದು ಮತ್ತೆ ನಿಯಮಾವಳಿ ತೆಗೆದು ಕೂತೆ.


ಮೇ ೧, ಶುಕ್ರವಾರ

ಭಾನುವಾರ ಗುಡಿಯ ಮುಂದೆ ಮತ್ತೆ ಸಭೆ ಅಂತ ಸಾರಿಸಿದ್ದಾರೆ. ಮುಂದಿನ ಅಧಿವೇಶನದವರೆಗೆ ಅಂತ ಹೇಳುತ್ತಾರೆ. ನನಗೆ ಭಾಷಣ ಬರೆದುಕೊಡು ಅಂದರು. ಮೇಜಿನ ಮೇಲೆ ಬಿಳಿ ಹಾಳೆ. ಬೆಳಗಿನಿಂದ ಹಾಗೇ ಇದೆ.

ಮಧ್ಯಾಹ್ನ ಒಳಗೆ ಬಂದು ಹಾಳೆ ನೋಡಿದರು.

"ಒಂದ್ ಸಾಲೂ ಆಗಿಲ್ವಾ?"

ಎದ್ದು ನಿಂತೆ. ಹಾಳೆ ಪಕ್ಕಕ್ಕೆ ಸರಿಸಿ — "ದೊಡ್ಡಪ್ಪ, ಅಲ್ಲಿ ಹಿಂದಕ್ಕೆ ತಗೊಳ್ಳೋದು ಸೋಲಲ್ಲ. ನಮ್ಮ ಎಂ.ಪಿ.ಯವರು ಸೋತರು ಅಂತ ಪೇಪರಿನಲ್ಲಿ ಯಾರೂ ಬರೀಲಿಲ್ಲ. ಮಂಡಿಸಿದವರು ಕೇಳ್ತಾರೆ, ಸದನ ಸುಮ್ಮನಿರುತ್ತೆ, ಆಯಿತು. ಅದಕ್ಕೊಂದು ನಿಯಮ ಇದೆ. ನಮ್ಮ ದಾರಕ್ಕೂ..."

"ಪುಸ್ತಕದ ನಿಯಮ ಗುಡಿ ಮುಂದೆ ನಡೆಯಲ್ಲ ಮಗಳೇ."

"ಗುಡಿ ನಿಯಮವೂ ಇದೆಯಲ್ಲ. ಕಟ್ಟಿದ ಕೈ ಬಿಚ್ಚಬೇಕು ಅಂತ."

ನನ್ನನ್ನೇ ನೋಡಿದರು. ಮೊದಲ ಸಲ ನೋಡುವವರ ಹಾಗೆ. "ಮನೆ ಒಳಗೆ ಹೇಳ್ದೆ. ಹೊರಗೆ ಹೇಳ್ಬ್ಯಾಡ." ಹೊರಟು ಹೋದರು. ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.


ಮೇ ೨, ಶನಿವಾರ, ಸಂಜೆ

ಒಂದು ಕೆಲಸ ಮಾಡಿದೆ.

ದೊಡ್ಡಪ್ಪ ಪಡಸಾಲೆಯ ಬೆಂಚಿನ ಮೇಲೆ ಪೇಪರು ಹಿಡಿದಿದ್ದರು. ದೊಡ್ಡಮ್ಮ ಬಾಗಿಲ ಬಳಿ ಅವರೆಕಾಳು ಆರಿಸುತ್ತಿದ್ದರು. ದೀಪ ಹಚ್ಚಿ ಈಗಷ್ಟೇ ಆಗಿತ್ತು. ಅಡುಗೆಮನೆಯಿಂದ ಪಡಸಾಲೆಗೆ ಬಂದು, ಏಣಿಗೆ ಬೆನ್ನು ಕೊಟ್ಟು ನಿಂತೆ. ಇಷ್ಟು ದೊಡ್ಡದಾಗಿ ಆ ಪಡಸಾಲೆಯಲ್ಲಿ ನಾನು ಮಾತಾಡಿದ್ದಿಲ್ಲ.

"ಈ ಏಣಿಗೆ ದಾರ ಕಟ್ಟಿದವಳು ನಾನು. ಹಿಂದಕ್ಕೆ ತಗೊಳ್ಳಬೇಕು ಅಂತಿದ್ದೀನಿ. ಬೇಡ ಅನ್ನೋರು ಇದ್ದರೆ ಹೇಳಿಬಿಡಿ. ಹೇಳಿದರೆ ಮುಟ್ಟಲ್ಲ."

ದೊಡ್ಡಮ್ಮನ ಕೈ ಮೊರದಲ್ಲೇ ನಿಂತಿತು.

ಕಾದೆ. ಮೇಲೆ ಹೆಂಚಿನ ಮೇಲೆ ಹನಿ ಹನಿ ಬೀಳುತ್ತಿತ್ತು. ದೊಡ್ಡಪ್ಪನ ಮುಖ ಪೇಪರಿನ ಹಿಂದೆ. ಬೆರಳುಗಳು ಮಾತ್ರ ಕಾಣುತ್ತಿದ್ದವು. ಬೇಡ ಅನ್ನುವುದು ಎಷ್ಟು ಸುಲಭದ ಮಾತು, ಎರಡೇ ಅಕ್ಷರ. ಅಂದಿದ್ದರೆ ನಾನು ನಿಜವಾಗಿಯೂ ಮುಟ್ಟುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

ಪೇಪರಿನ ಹಾಳೆ ತಿರುವಿದರು. ನಿಧಾನಕ್ಕೆ. ಮತ್ತೆ ಎತ್ತಿ ಹಿಡಿದರು.

ಇನ್ನೂ ಕಾದೆ. ದೊಡ್ಡಮ್ಮ ಕೊನೆಗೆ ಮೊರ ಎತ್ತಿಕೊಂಡು ಎದ್ದರು. ನನ್ನ ಪಕ್ಕದಲ್ಲಿ ಹಾಯುವಾಗ, ಯಾರಿಗೂ ಅಲ್ಲದ ಹಾಗೆ — "ಬೆಳಿಗ್ಗೆ ಎದ್ದು ಮಡಿಯುಟ್ಟು ಮಾಡ್ಬೇಕಾದ್ ಕೆಲ್ಸ ಅದು. ದೀಪ ಹಚ್ಚಿದ್ ಮೇಲೆ ಗಂಟು ಬಿಚ್ಚಬಾರ್ದು."

ದೊಡ್ಡಪ್ಪ ಅದಕ್ಕೂ ಏನೂ ಅನ್ನಲಿಲ್ಲ.


ಮೇ ೩, ಭಾನುವಾರ, ಬೆಳಿಗ್ಗೆ

ಮಳೆ ಬಿಟ್ಟಿದೆ. ತಲೆಗೆ ನೀರು ಹಾಕಿಕೊಂಡು ಬಂದೆ. ಕೂದಲು ಇನ್ನೂ ಒದ್ದೆ, ಹಾಳೆಯ ಮೇಲೆ ಒಂದು ಹನಿ ಬಿತ್ತು.

ಭಾಷಣದ ಹಾಳೆ ಮೇಜಿನ ಮೇಲೆ ಬಿಳಿಯಾಗಿಯೇ ಇದೆ. ರಾತ್ರಿ ಯಾರೋ ಅದರ ಮೇಲೆ ನಿಯಮಾವಳಿ ಪುಸ್ತಕ ಇಟ್ಟಿದ್ದಾರೆ, ಗಾಳಿಗೆ ಹಾರದಿರಲಿ ಅಂತಿರಬೇಕು. ದೊಡ್ಡಪ್ಪ ಎದ್ದಿದ್ದಾರೆ. ಜಗಲಿಯಲ್ಲಿ, ಬೀದಿಗೆ ಮುಖ ಮಾಡಿ, ಒಳಗೆ ಬೆನ್ನು ಮಾಡಿ ಕೂತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಅವತ್ತು ನಿಂತಿದ್ದ ಹಾಗೆ. ಆಗಲೇ ಕೆಂಚಯ್ಯನೂ ಇನ್ನೂ ಕೆಲವರೂ ಬಂದಿದ್ದಾರೆ. ಹಿತ್ತಲ ಗೋಡೆಯ ಆಚೆ ಅಜ್ಜಿ ಕೆಮ್ಮುವುದು ಕೇಳಿಸುತ್ತಿದೆ.

ಕದ್ದು ಮಾಡುವುದಲ್ಲ. ಪಡಸಾಲೆಯ ಬಾಗಿಲು ಪೂರ್ತಿ ತೆರೆದಿದ್ದೇನೆ, ಜಗಲಿಯಿಂದ ಏಣಿ ನೇರ ಕಾಣುವ ಹಾಗೆ. ಕೇಳಿದರೆ ಹೇಳುತ್ತೇನೆ, ಮೊದಲಿನಿಂದ, ಕೆಳಮನೆಯಲ್ಲಿ ಆದದ್ದು, ಮೇಲ್ಮನೆಯಲ್ಲಿ ಆಗದ್ದು. ಗಂಟಲು ಕಟ್ಟಿದರೆ ಕಟ್ಟಲಿ, ಬಿಡುವವರೆಗೆ ನಿಂತಿರುತ್ತೇನೆ.

ದಾರದ ಹಿಂಬದಿಯೂ ಈಗ ಮಾಸಿದೆ. ದೊಡ್ಡಮ್ಮ ಕತ್ತರಿ ತಂದು ಏಣಿಯ ಮೆಟ್ಟಿಲ ಮೇಲೆ ಇಟ್ಟು ಹೋದರು. ಬೇಡ. ನಾನೇ ಹಾಕಿದ ಗಂಟು, ಉಗುರಿಗೆ ಸಿಕ್ಕೀತು. ಪೆನ್ನು ಕೆಳಗಿಟ್ಟು ಏಣಿಯ ಹತ್ತಿರ ಹೋಗುತ್ತಿದ್ದೇನೆ.